'ಮರಳಿ' ಎಂಬ ಪದದ ನಡುವೆ

ಸ್ಟುಡಿಯೋದಲ್ಲಿ ಮೊದಲ ದಿನ ಚೊಕ್ಕವಾಗಿ ರೆಕಾರ್ಡ್ ಆದದ್ದು ಗುಬ್ಬಿಯ ಹಾಡಲ್ಲ, ಅವಳ ಹೊಟ್ಟೆಯ ಸದ್ದು. ಹಾಡುವ ಮುಂಚೆ ಏನೂ ತಿನ್ನಬಾರದು ಅಂತ ಯಾರೋ ಹೇಳಿದ್ದನ್ನು ನಂಬಿ ಬೆಳಗಿನಿಂದ ಬರೀ ಬಿಸಿನೀರು ಕುಡಿದು ಬಂದಿದ್ದಳು. ಮೈಕಿನ ಕಿವಿಯೋ ಬಲು ಚುರುಕು. ಗಾಜಿನ ಆಚೆ ಕೂತಿದ್ದ ರೆಕಾರ್ಡಿಸ್ಟ್ ಹೆಡ್‌ಫೋನ್ ಸರಿಸಿ, "ಮೇಡಂ, ಏನಾದ್ರೂ ತಿಂದ್ಕೊಂಡು ಬನ್ನಿ. ಹೊಟ್ಟೆ ಬೇರೆ ರಾಗ ಎತ್ಕೊಂಡಿದೆ" ಅಂದ.

"ಶ್ರುತಿಯಲ್ಲೇ ಇದೆಯಪ್ಪ, ಇರಲಿ ಬಿಡು" ಅಂದರು ಪಕ್ಕದಲ್ಲಿ ಪಿಟೀಲು ಹಿಡಿದು ಕೂತಿದ್ದ ಮಾಮ.

ಗುಬ್ಬಿಗೆ ನಗು ಬಂತು. ನಕ್ಕ ಮೇಲೆ ಹೆದರಿಕೆಯೂ ಸ್ವಲ್ಪ ಇಳಿಯಿತು.

ಗುಬ್ಬಿ ಅನ್ನುವುದು ಅವಳ ದೊಡ್ಡಮ್ಮ ಇಟ್ಟ ಅಡ್ಡಹೆಸರು. ಚಿಕ್ಕವಳಿದ್ದಾಗ ಒಂದು ಕಡೆ ನಿಲ್ಲದೆ ಪುರ್ ಅಂತ ಓಡಾಡುತ್ತಿದ್ದಳು, ಅದಕ್ಕೆ. ಈಗ ಅಮ್ಮನಿಗಿಂತ ಒಂದು ತಲೆ ಎತ್ತರ ಬೆಳೆದಿದ್ದರೂ ಮನೆಯವರ ಬಾಯಲ್ಲಿ ಗುಬ್ಬಿಯೇ. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರ ಕಣ್ಣಿಗೆ ಭಾರದ ಚೌಕಟ್ಟು ಹಾಕಿ, ಒಂದೊಂದೇ ಗಾಜು ಬದಲಿಸುತ್ತ, "ಈಗ ಚೆನ್ನಾಗಿ ಕಾಣ್ತಾ, ಆಗ ಚೆನ್ನಾಗಿ ಕಾಣ್ತಾ?" ಅಂತ ಕೇಳುವುದು. ಸಂಜೆ ಅಲ್ಲಿಂದ ನೇರ ದೊಡ್ಡಮ್ಮನ ಮನೆಗೆ, ಪಾಠಕ್ಕೆ. ಬೇರೆ ಗುರುಗಳನ್ನು ಅವಳು ಕಂಡವಳೇ ಅಲ್ಲ.

ದೊಡ್ಡಮ್ಮ ಒಂದು ಕಾಲಕ್ಕೆ ಹೆಸರು ಮಾಡಿದ ಗಾಯಕಿ. ಹಗಲು ಹತ್ತಿ ಗಿರಣಿಯ ಕಚೇರಿಯಲ್ಲಿ ಕೂತು, ಸಂಜೆ ಸಭೆಗಳಲ್ಲಿ ಹಾಡುತ್ತಿದ್ದರು. ಗಿರಣಿಯ ಧೂಳು ವರ್ಷಗಟ್ಟಲೆ ಎದೆಗಿಳಿದು ಉಬ್ಬಸ ಹಿಡಿಯಿತು. ಮೊದಲು ಹಾಡಿನ ಕಛೇರಿ ನಿಂತಿತು, ಆಮೇಲೆ ಗಿರಣಿ ಕೆಲಸವೂ ಬಿಟ್ಟುಹೋಯಿತು. ಆಗ ಮನೆಗೆ ಬರುತ್ತಿದ್ದ ಶಿಷ್ಯರೂ ಒಬ್ಬೊಬ್ಬರಾಗಿ ಚದುರಿ, ಕೊನೆಗೆ ಉಳಿದದ್ದು ತಂಗಿಯ ಮಗಳು ಒಬ್ಬಳೇ. ದೊಡ್ಡಮ್ಮನ ಕಂಠ ಸರಿಯಿದ್ದಾಗ ಗುಬ್ಬಿ ಇನ್ನೂ ತೊದಲು ಮಾತಾಡುತ್ತಿದ್ದಳು. ಆ ಕಂಠ ಅವಳ ನೆನಪಿನಲ್ಲಿಲ್ಲ. ರೆಕಾರ್ಡ್ ಮಾಡಿಸುವುದು ದೊಡ್ಡಮ್ಮನಿಗೆ ಆಗಿಬರುತ್ತಿರಲಿಲ್ಲವಾದ್ದರಿಂದ ಎಲ್ಲೂ ಉಳಿದೂ ಇರಲಿಲ್ಲ.

ಆಲ್ಬಂ ಮಾತು ಬಂದದ್ದು ಗ್ರಂಥಾಲಯದ ಸಭಾಂಗಣದಲ್ಲಿ ಗುಬ್ಬಿ ಹಾಡಿದ ಒಂದು ಸಂಜೆ. ಕೇಳಲು ಬಂದವರಲ್ಲಿ ಶಾಸ್ತ್ರೀಯ ಸಂಗೀತವನ್ನಷ್ಟೇ ಹೊರತರುವ ಒಂದು ಸಣ್ಣ ಕಂಪನಿಯ ಒಡತಿಯೂ ಇದ್ದರು. ಕೊನೆಯಲ್ಲಿ ಗುಬ್ಬಿ ದೊಡ್ಡಮ್ಮ ಕಲಿಸಿದ ಒಂದು ಹಳೆಯ ಹಾಡು ಹಾಡಿದಳು. ದೋಣಿ ಹತ್ತಿ ಹೋದವನನ್ನು ದಡದಲ್ಲಿ ನಿಂತವಳು ಕೂಗಿ ಕರೆಯುವ ಹಾಡು. ಅದರಲ್ಲಿ 'ಮರಳಿ' ಅನ್ನುವ ಪದ ಮೆಲ್ಲಗೆ ಮೆಟ್ಟಿಲು ಹತ್ತಿದ ಹಾಗೆ ಮೇಲಿನ ಸ್ವರಕ್ಕೆ ಏರುತ್ತದೆ. ಏರಿ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಗುಬ್ಬಿಯ ದನಿ ಒಂದು ಕ್ಷಣ ತಡೆಯುತ್ತಿತ್ತು. ಆಮೇಲೆ ತುದಿ ಮುಟ್ಟುತ್ತಿತ್ತು.

ಒಡತಿ ಹಿಂದಿನ ಬಾಗಿಲಲ್ಲಿ ಅವಳನ್ನು ಹಿಡಿದು ನಿಲ್ಲಿಸಿ, "ಆ ಒಂದು ತಡೆ ಇದೆಯಲ್ಲಮ್ಮ, ನನ್ನ ಕರುಳು ಕಿವುಚಿದ ಹಾಗಾಯ್ತು. ಯಾರ ಹಾಡುಗಾರಿಕೆಯಲ್ಲೂ ಅದನ್ನ ಕೇಳಿಲ್ಲ. ಅದು ನಿನ್ನದೇ ಗುರುತು" ಅಂದರು. ಆ ಹಾಡನ್ನೇ ಮುಖ್ಯ ಮಾಡಿಕೊಂಡು ಒಂದು ಆಲ್ಬಂ ತರೋಣ ಅಂತ ಅಲ್ಲೇ ನಿಂತಲ್ಲೇ ಮಾತಾಯಿತು.

ಅಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೆಂಟರಿಗೆಲ್ಲ ಫೋನು ಹೋಯಿತು. ದೊಡ್ಡಮ್ಮ ಮಾತ್ರ, "ಒಳ್ಳೇದು. ಗಂಟಲು ಜೋಪಾನ" ಅಂದು, ಅವತ್ತಿನ ಪಾಠ ಯಾವತ್ತಿನಷ್ಟೇ ಕಟ್ಟುನಿಟ್ಟಾಗಿ ಮುಗಿಸಿದರು.

ಸ್ಟುಡಿಯೋ ಇದ್ದದ್ದು ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿ. ಕೆಳಗೆ ದೊಡ್ಡ ಯಂತ್ರ ಓಡಿದರೆ ನೆಲ ಸಣ್ಣಗೆ ನಡುಗುತ್ತಿತ್ತು, ಹಾಗಾಗಿ ಅವರು ಕೆಲಸ ನಿಲ್ಲಿಸಿದಾಗಲೇ ಇವರು ಹಾಡಬೇಕು. ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು, ಬಾಗಿಲಿಗೆ ಹಾಸಿಗೆಯಷ್ಟು ದಪ್ಪದ ಪರದೆ. ಸದ್ದಾಗುತ್ತದೆಂದು ಫ್ಯಾನು ಬಂದ್. ಕಿವಿಯೋಲೆ ಹೆಡ್‌ಫೋನಿಗೆ ತಾಗಿ ಕಟಕಟ ಅನ್ನುವುದೆಂದು ಅದನ್ನೂ ಬಿಚ್ಚಿಟ್ಟಾಯಿತು. ಆ ಬಿಸಿ ಕೋಣೆಯಲ್ಲಿ ತನ್ನ ದನಿ ತನ್ನ ತಲೆಯೊಳಗೇ ಯಾರೋ ಹಾಡಿದ ಹಾಗೆ ಕೇಳಿ ಗುಬ್ಬಿಗೆ ಮೊದಮೊದಲು ಮುಜುಗರವಾಯಿತು. ಆದರೆ ವಾರದ ಕೊನೆಯ ಹೊತ್ತಿಗೆ ಅಭ್ಯಾಸವಾಗಿ, ಅಂಗಡಿಗೆ ಹಾಕಿದ ರಜೆ ಮುಗಿಯುವುದರೊಳಗೆ ಎಲ್ಲ ಹಾಡುಗಳೂ ಮುಗಿದವು. ದೋಣಿಯ ಹಾಡನ್ನು ಮೂರು ಬಾರಿ ಹಾಡಿಸಿ ಇಟ್ಟುಕೊಂಡರು.

ಮುಂದಿನ ವಾರ ರೆಕಾರ್ಡಿಸ್ಟ್ ಕೇಳಿ ನೋಡಲು ಕರೆದ. ಪಿಟೀಲು ಮಾಮನೂ ಬಂದಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಅವಳ ದನಿ ಗುಡ್ಡಗಳ ಸಾಲಿನ ಹಾಗೆ ಉದ್ದಕ್ಕೂ ಹರಡಿಕೊಂಡಿತ್ತು. ಗುಡ್ಡಗಳ ನಡುವೆ ಅಲ್ಲಲ್ಲಿ ಸಣ್ಣ ಸಣ್ಣ ದಿಬ್ಬ.

"ಇವು ಉಸಿರು" ಅಂದ ರೆಕಾರ್ಡಿಸ್ಟ್. "ಹೆಚ್ಚು ಕೇಳಿಸಬಾರದು ಅಂತ ಎಲ್ಲರದನ್ನೂ ಸ್ವಲ್ಪ ತಗ್ಗಿಸ್ತೀವಿ. ನಿಮ್ಮದರಲ್ಲಿ ಕಮ್ಮಿನೇ ಇದೆ. ಇದೊಂದು ಮಾತ್ರ ಪದದ ಮಧ್ಯದಲ್ಲೇ ಬಂದಿದೆ, ಏನು ಮಾಡಲಿ ಹೇಳಿ." ಸದ್ದು ಏರಿಸಿ ಆ ಜಾಗವನ್ನು ಹಾಕಿದ.

'ಮರ' ಅಂತ ಕೇಳಿತು. ಆಮೇಲೆ ಹಲ್ಲುಗಳ ನಡುವೆ ಗಾಳಿ ಒಳಗೆಳೆದುಕೊಂಡ ಸದ್ದು, ಅದರ ತುದಿಯಲ್ಲಿ ಎಳೆಯಷ್ಟು ಸಣ್ಣ ಸಿಳ್ಳು. ಆಮೇಲೆ 'ಳಿ'.

"ಇನ್ನೊಮ್ಮೆ ಹಾಕಿ" ಅಂದಳು ಗುಬ್ಬಿ.

ಇನ್ನೊಮ್ಮೆ ಹಾಕಿದ. ಉಳಿದ ಎರಡು ಬಾರಿ ಹಾಡಿದ್ದನ್ನೂ ಹಾಕಿಸಿಕೊಂಡಳು. ಮೂರರಲ್ಲೂ ಅದೇ ಜಾಗ, ಅದೇ ಸಿಳ್ಳು. ಆ ಜಾಗಕ್ಕೆ ಬಂದಾಗ ತನಗೆ ಉಸಿರು ಕಟ್ಟಿದ ನೆನಪು ಅವಳಿಗೆ ಒಮ್ಮೆಯೂ ಇಲ್ಲ. ಎದೆ ತುಂಬ ಗಾಳಿ ಇರುತ್ತಿತ್ತು. ಬೇಡದ ಉಸಿರನ್ನು ಅವಳು ಯಾಕೆ ತೆಗೆದುಕೊಳ್ಳುತ್ತಿದ್ದಳು? ಉಬ್ಬಸ ಇಲ್ಲದವಳ ಎದೆಯಿಂದ ಸಿಳ್ಳು ಎಲ್ಲಿಂದ ಬಂತು?

ಕೇಳಿಕೊಳ್ಳುವಾಗಲೇ ಉತ್ತರವೂ ಹೊಳೆಯಿತು. ಆ ಸಿಳ್ಳನ್ನು ಅವಳು ಎಷ್ಟು ಸಂಜೆ ದೊಡ್ಡಮ್ಮನ ಎದುರಿಗೆ ಕೂತು ಕೇಳಿರಲಿಲ್ಲ? ದೊಡ್ಡಮ್ಮ ಒಂದು ಸಾಲು ಹಾಡಿ ತೋರಿಸುವುದು, ಅವಳು ಹಾಗೇ ತಿರುಗಿ ಹಾಡುವುದು. ಸ್ವರದ ಜೊತೆಗೆ ಅವರ ಕಾಯಿಲೆಯನ್ನೂ ಹಾಗೇ ಬಾಯಿಪಾಠ ಮಾಡಿಬಿಟ್ಟಿದ್ದಳು.

"ಮಾಮ, ಇದನ್ನ ದೊಡ್ಡಮ್ಮ ಮುಂಚೆ ಹೇಗೆ ಹಾಡ್ತಿದ್ರು?"

ಮಾಮ ಒಂದು ಕಾಲದಲ್ಲಿ ದೊಡ್ಡಮ್ಮನ ಕಛೇರಿಗಳಿಗೆಲ್ಲ ಪಿಟೀಲು ನುಡಿಸಿದವರು. ಅವಳ ಮುಖ ನೋಡಿ ಪೆಟ್ಟಿಗೆ ತೆರೆದು ಪಿಟೀಲು ತೆಗೆದರು. ಆ ಸಾಲನ್ನು ನುಡಿಸಿದರು. ಕೆಳಗಿನಿಂದ ತುದಿಯವರೆಗೆ ಎಲ್ಲೂ ಕಡಿಯದ ಒಂದೇ ಎಳೆ.

"ಅವಳು ಎಲ್ಲಿ ಉಸಿರು ತಗೋತಾಳೆ ಅಂತ ಪಕ್ಕದಲ್ಲಿ ಕೂತ ನನಗೇ ಗೊತ್ತಾಗ್ತಿರಲಿಲ್ಲ" ಅಂದರು.

"ಮತ್ತೆ ನೀವು ನನಗೆ ಯಾಕೆ ಹೇಳಲಿಲ್ಲ?"

"ನಾನು ಪಕ್ಕವಾದ್ಯದವನಮ್ಮ. ಹಾಡೋರು ನಿಂತ ಕಡೆ ನಿಲ್ಲೋದೇ ನನ್ನ ಕೆಲಸ. 'ಮರ' ನೆಟ್ಟು ಆಮೇಲೆ 'ಳಿ' ಜೋಡಿಸ್ತಾಳಲ್ಲ ಅಂತ ಒಂದೊಂದು ಸಲ ಅನಿಸ್ತಿತ್ತು." ತಮಾಷೆ ಮಾಡಲು ಹೋಗಿ, ಅವಳು ನಗದ್ದು ನೋಡಿ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟರು. "ಜನಕ್ಕೆ ಅದು ಹಿಡಿಸಿತ್ತು. ನಿಮ್ಮ ದೊಡ್ಡಮ್ಮನೂ ಏನೂ ಅಂದಿರಲಿಲ್ಲ. ನಡುವೆ ನಾನ್ಯಾರು?"

ಗುಬ್ಬಿ ಬಸ್ಸಿನಲ್ಲಿ ಮನೆಗೆ ಹೋಗುವಾಗ ಬಾಯಿ ಮುಚ್ಚಿಕೊಂಡೇ ಆ ಸಾಲನ್ನು ಇಡಿಯಾಗಿ ಗುನುಗಿ ನೋಡಿದಳು. ಉಸಿರಿನ ಕೊರತೆ ಇರಲಿಲ್ಲ. ಆದರೆ ತಡೆ ಇಲ್ಲದ ಆ ಸಾಲು ಇನ್ನೊಬ್ಬರ ಚಪ್ಪಲಿ ಮೆಟ್ಟಿದ ಹಾಗಿತ್ತು. ಮನೆಯಲ್ಲಿ ಅಮ್ಮ ಇಸ್ತ್ರಿ ಮಾಡುತ್ತಿದ್ದಳು. "ಹೇಗೆ ಬಂದಿದೆ?" ಅಂದಾಗ "ಚೆನ್ನಾಗಿದೆ" ಅಂದಳು. ಚೆನ್ನಾಗಿಯೇ ಇತ್ತು. ಅದೇ ಅವಳಿಗೆ ನುಂಗಲಾಗದ ತುತ್ತಾಗಿದ್ದದ್ದು. ಮಂದಿ ತಲೆದೂಗಿದ್ದು ದೊಡ್ಡಮ್ಮ ಉಸಿರಿಗಾಗಿ ಒದ್ದಾಡಿದ ಆ ಒಂದು ಕ್ಷಣಕ್ಕೆ. ಅದರ ಮೇಲೆ ತನ್ನ ಹೆಸರು ಬರೆದು ಮಾರಲು ಹೊರಟಿದ್ದಾರೆ.

ರಜೆಯ ದಿನ ಬೆಳಿಗ್ಗೆ ದೊಡ್ಡಮ್ಮನ ಮನೆಗೆ ಹೋದಳು. ನೆಲಮಹಡಿಯ ಎರಡು ಕೋಣೆಯ ಮನೆ. ಮೆಟ್ಟಿಲು ಹತ್ತಲಾಗದೆ ಇಲ್ಲಿಗೆ ಬಂದದ್ದು. ದೊಡ್ಡಮ್ಮ ಕಿಟಕಿಯ ಹತ್ತಿರ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಔಷಧಿ ಸೇದುವ ಪಂಪು ಪಕ್ಕದ ಸ್ಟೂಲಿನ ಮೇಲಿತ್ತು. ಗುಬ್ಬಿ ಒಂದು ಟವೆಲ್ಲಿನ ತುದಿ ಹಿಡಿದು ಮಡಿಸಲು ಕೂತಳು. ಹೇಗೆ ಶುರು ಮಾಡುವುದು ಅಂತ ತಿಳಿಯದೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳು. ಸಿಳ್ಳಿನ ವಿಷಯವನ್ನೂ ಹೇಳಿದಳು.

ದೊಡ್ಡಮ್ಮನ ಕೈ ನಿಂತಿತು.

"ಸಿಳ್ಳೂ ಕೇಳುತ್ತಾ?"

"ಸದ್ದು ಏರಿಸಿದ್ರೆ ಕೇಳುತ್ತೆ."

"ನನ್ನದು ಯಾರಿಗೂ ಕೇಳ್ತಿಲ್ಲ ಅಂದ್ಕೊಂಡಿದ್ದೆ." ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸಿದರು. ಮುಖ ಕೆಂಪಗಾಗಿತ್ತು. "ಅಂದ್ರೆ ನೀನು ಸಭೆ ಸಭೆಯಲ್ಲಿ ನನ್ನ ಉಬ್ಬಸ ಹಾಡಿಕೊಂಡು ಬಂದೆ."

"ನಂಗೇನು ಗೊತ್ತಿತ್ತು ದೊಡ್ಡಮ್ಮ? ನೀವು ಹೇಗೆ ಹಾಡಿದ್ರೋ ಹಾಗೆ ಹಾಡಿದೆ. ತಪ್ಪಾಗಿದ್ರೆ ನೀವು ತಿದ್ದಬೇಕಿತ್ತು." ಅಂದ ಮೇಲೆ ತನ್ನ ದನಿ ಜೋರಾಯಿತು ಅನಿಸಿ ಗುಬ್ಬಿ ತಲೆ ತಗ್ಗಿಸಿದಳು.

ದೊಡ್ಡಮ್ಮ ಕಿಟಕಿಯ ಆಚೆ ನೋಡಿದರು. ಬೀದಿಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು.

"ಆ ತಡೆಯನ್ನ ಈ ಹಾಡು ಹೇಳಿಕೊಟ್ಟ ಮೊದಲ ದಿನವೇ ಗಮನಿಸಿದ್ದೆ" ಅಂದರು. "ಅಷ್ಟುದ್ದ ಮಗು ನೀನು, ನಾನು ನಿಂತ ಕಡೆ ನಿಂತೆ. ತಿದ್ದೋಣ ಅಂತ ಬಾಯಿ ತೆರೆದೆ. ತಿದ್ದೋದು ಅಂದ್ರೆ ಹೇಗೆ? ಹೀಗಲ್ಲ, ಹೀಗೆ, ಅಂತ ಹಾಡಿ ತೋರಿಸಬೇಕಲ್ಲ. ಆ 'ಹೀಗೆ'ಯನ್ನ ನಾನು ಎಲ್ಲಿಂದ ತರಲಿ?"

ಗುಬ್ಬಿ ಇಷ್ಟು ವರ್ಷ ಎದುರಿಗೆ ಕೂತು, ಅವರ ಕೊರತೆಯನ್ನು ಕಲೆ ಅಂದುಕೊಂಡಿದ್ದಳು. ಅವರು ಇಷ್ಟು ವರ್ಷ ಎದುರಿಗೆ ಕೂತು ಅದನ್ನು ಕೇಳಿಸಿಕೊಂಡಿದ್ದರು. ದಿನಾ.

ಟವೆಲ್ಲು ಕೆಳಗಿಟ್ಟು, "ಹಾಡಿ ತೋರಿಸೋದು ಬೇಡ, ಬಾಯಲ್ಲಿ ಹೇಳಿ" ಅಂದಳು. "ಮಾಮ ಪಿಟೀಲಿನಲ್ಲಿ ನುಡಿಸಿದ್ರು, ಆದ್ರೆ ಪಿಟೀಲಿಗೆ ಉಸಿರಿಲ್ಲವಲ್ಲ. ನೀವು ಉಸಿರು ಎಲ್ಲಿ ತಗೋತಿದ್ರಿ?"

"ಬಾಯಲ್ಲಿ ಹೇಳಿದ್ರೆ ಸಂಗೀತ ಬರುತ್ತೇನೆ?"

"ನೋಡೋಣ."

ದೊಡ್ಡಮ್ಮ ಒಲ್ಲದ ಮನಸ್ಸಿನಿಂದಲೇ ಶುರು ಮಾಡಿದರು. ಬಟ್ಟೆಯ ರಾಶಿ ಪಕ್ಕಕ್ಕೆ ಸರಿಯಿತು. ಉಸಿರನ್ನು 'ಮರಳಿ'ಗೆ ಬಂದಾಗ ಹುಡುಕುವುದಲ್ಲ, ಹಿಂದಿನ ಸಾಲು ಇಳಿಯುವಾಗಲೇ, ಯಾರ ಗಮನವೂ ಅತ್ತ ಇಲ್ಲದಾಗ, ಮೂಗಿನಲ್ಲಿ ಕದ್ದು ತುಂಬಿಕೊಳ್ಳಬೇಕು ಅಂದರು. ಏರುವಾಗ ಎಲ್ಲವನ್ನೂ ಖರ್ಚು ಮಾಡಬಾರದು ಅಂದರು. ಗುಬ್ಬಿ ಹಾಡಿದಳು. ಅಲ್ಲ ಅಂತ ತಲೆ ಆಡಿತು. ಮತ್ತೆ ಹಾಡಿದಳು. ಮಾತು ಸಾಲದೆ ದೊಡ್ಡಮ್ಮನ ಕೈ ಎದ್ದಿತು. ಅಂಗೈ ಮೇಲೆ ನೀರು ಹೊತ್ತು ಚೆಲ್ಲದ ಹಾಗೆ ಎತ್ತುವವರಂತೆ ಕೈಯನ್ನು ನಿಧಾನ ಮೇಲಕ್ಕೆ ಒಯ್ದರು. ಗುಬ್ಬಿ ಆ ಕೈ ಮೇಲೆ ಕಣ್ಣಿಟ್ಟು ಅದರ ಜೊತೆ ಹತ್ತಿದಳು. ಬಾರಿಬಾರಿಗೂ ಅಭ್ಯಾಸಬಲದ ಉಸಿರು ಅದೇ ಜಾಗದಲ್ಲಿ ತಾನಾಗಿ ಬಂದು ನಿಲ್ಲುತ್ತಿತ್ತು. "ಬಂತು ನೋಡು ನಮ್ಮ ಅತಿಥಿ" ಅನ್ನುತ್ತಿದ್ದರು ದೊಡ್ಡಮ್ಮ. ಮಧ್ಯಾಹ್ನದ ಊಟ ತಡವಾಯಿತು. ಊಟವಾದ ಮೇಲೂ ಕೂತರು.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಒಂದು ಸಲ ಆ ಪದ ಇಡಿಯಾಗಿ ಹತ್ತಿತು. ದನಿ ತುದಿಯಲ್ಲಿ ನಿಂತಿತು. ಅಲ್ಲಿ ನಿಂತು ಸುತ್ತ ನೋಡುವಷ್ಟು ಗಾಳಿಯೂ ಉಳಿದಿತ್ತು. ದೊಡ್ಡಮ್ಮನ ಕೈ ಮೇಲೆಯೇ ಇತ್ತು. ಅದನ್ನು ಇಳಿಸಲು ಅವರು ಮರೆತಿದ್ದರು.

ಆಮೇಲೆ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಮುಖ ಒದ್ದೆಯಾಗಿತ್ತು.

"ತುದಿಯಲ್ಲಿ ಸ್ವಲ್ಪ ಅವಸರ ಮಾಡ್ತೀಯ" ಅಂದರು. "ಇನ್ನೊಮ್ಮೆ ಹಾಡು."

ಗುಬ್ಬಿ ಒಡತಿಗೆ ಫೋನು ಮಾಡಿ ದೋಣಿಯ ಹಾಡನ್ನು ಮತ್ತೆ ಹಾಡಬೇಕು ಅಂದಾಗ ಅವರು ಒಪ್ಪಿದರು, ಆದರೆ ತಾವೂ ಸ್ಟುಡಿಯೋಗೆ ಬಂದು ಕೂತರು. ಹಾಡಿದ್ದಾಯಿತು. ಹಳೆಯದನ್ನೂ ಹೊಸದನ್ನೂ ಒಂದರ ಹಿಂದೊಂದು ಹಾಕಿ ಕೇಳಿದರು. ಒಡತಿ ಕಣ್ಣು ಮುಚ್ಚಿ ಕೇಳಿ, ಕನ್ನಡಕ ತೆಗೆದು ಮೂಗು ಒತ್ತಿಕೊಂಡರು.

"ಎರಡನೆಯದು ಲಕ್ಷಣವಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಹಾಗೆ ಹಾಡೋರು ಇನ್ನೂ ನಾಲ್ಕು ಜನ ಸಿಗ್ತಾರೆ. ಮೊದಲನೆಯದನ್ನ ಕೇಳಿದ್ರೆ ಇದು ನೀನೇ ಅಂತ ಕತ್ತಲಲ್ಲೂ ಹೇಳಬಹುದು."

"ಅದು ನಾನಲ್ಲ ಮೇಡಂ. ಅದು ನಮ್ಮ ದೊಡ್ಡಮ್ಮನ ಕಾಯಿಲೆ."

ಒಡತಿ ಎಲ್ಲವನ್ನೂ ಕೇಳಿಸಿಕೊಂಡರು. ಕಠಿಣ ಹೆಂಗಸಲ್ಲ, ಅವರ ಕಣ್ಣೂ ತುಂಬಿತು. ಆದರೂ ಬಿಡಲಿಲ್ಲ. "ಇನ್ನೂ ಒಳ್ಳೆಯದಾಯ್ತಲ್ಲಮ್ಮ. ಅವರ ಉಸಿರು ನಿನ್ನ ದನಿಯಲ್ಲಿ ಉಳಿದುಕೊಂಡಿದೆ. ಇದನ್ನೇ ಆಲ್ಬಮ್ಮಿನ ಹಿಂದೆ ನಾಲ್ಕು ಸಾಲು ಬರೆದು ಹಾಕೋಣ. ಕೇಳೋರಿಗೆ ಹೃದಯ ಕರಗುತ್ತೆ."

ಗುಬ್ಬಿ ಹಳೆಯದನ್ನು ಇನ್ನೊಮ್ಮೆ ಹಾಕಿಸಿಕೊಂಡಳು. ಒಡತಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಹಳೆಯದರಲ್ಲಿ ಏನೋ ಇತ್ತು, ಅವಳಿಗೂ ಕೇಳುತ್ತಿತ್ತು. ಯೋಚಿಸಲು ಸಮಯ ಕೇಳಿ ಎದ್ದು ಬಂದಳು. ಸಂಜೆ ದೊಡ್ಡಮ್ಮನಿಗೆ ಎರಡನ್ನೂ ಕೇಳಿಸಿ, ಯಾವುದಿರಲಿ ಅಂತ ಕೇಳಿದಳು.

"ನನ್ನ ಕೇಳಬೇಡ. ಆಲ್ಬಂ ಮೇಲಿರೋ ಹೆಸರು ನಿಂದು" ಅಂದರು ದೊಡ್ಡಮ್ಮ. ಬಾಗಿಲವರೆಗೆ ಬಂದು ಮಾತ್ರ, "ಹಿಂದೆ ಏನೋ ನಾಲ್ಕು ಸಾಲು ಬರೀತಾರಂತಲ್ಲ, ಅದೊಂದು ಬೇಡ. ನನ್ನ ಎದೆಯ ವಿಷಯ ನನಗಿರಲಿ" ಅಂದರು.

ಆ ಮಾತಿನ ಮೇಲೆ ಗುಬ್ಬಿ ನಿರ್ಧಾರ ಮಾಡಿದಳು. ಕಥೆ ಹೇಳದೆ ಆ ಉಸಿರನ್ನು ಮಾತ್ರ ಇಟ್ಟರೆ ಅದು ತನ್ನದು ಅಂತ ಸುಳ್ಳು ಹೇಳಿದ ಹಾಗೆ. ಕಥೆ ಹೇಳಿದರೆ ದೊಡ್ಡಮ್ಮನ ಮರ್ಯಾದೆ ಬೀದಿಗೆ. ಹೊಸದೇ ಇರಲಿ ಅಂತ ಒಡತಿಗೆ ತಿಳಿಸಿದಳು. ಅವರು ಫೋನಿನಲ್ಲಿ ನಿಟ್ಟುಸಿರಿಟ್ಟು, "ಸರಿ, ನಿನ್ನಿಷ್ಟ. ಮಾರಾಟದ ಭರವಸೆ ನಾನು ಕೊಡಲ್ಲ" ಅಂದರು.

ಆಲ್ಬಂ ಹೊರಬಂತು. ಮುಖಪುಟದ ಫೋಟೋ ನೋಡಿ ಅಮ್ಮ, "ಹಲ್ಲುನೋವು ಬಂದವಳ ಹಾಗೆ ಕಾಣ್ತೀಯ, ಸ್ವಲ್ಪ ನಗಬಾರದಿತ್ತಾ?" ಅಂದಳು. ಆದರೂ ನೆಂಟರ ಫೋನಿಗೆಲ್ಲ ಅದು ತಲುಪಿತು. ಕನ್ನಡಕದ ಅಂಗಡಿಯ ಮಾಲೀಕರು ಒಂದು ವಾರ ಅದನ್ನೇ ಹಾಕಿಟ್ಟರು. ಕಣ್ಣು ಪರೀಕ್ಷೆಗೆ ಬಂದ ಗಿರಾಕಿಗಳು ಅಕ್ಷರ ಓದುವುದು ಬಿಟ್ಟು "ಯಾರು ಹಾಡಿದ್ದು?" ಅಂತ ಕೇಳಿದರೆ ಗುಬ್ಬಿ ಬೇರೆ ಯಾವುದೋ ಗಾಜು ಹಾಕಿಬಿಡುತ್ತಿದ್ದಳು.

ಒಡತಿ ಹೇಳಿದ್ದೂ ಪೂರ್ತಿ ಸುಳ್ಳಾಗಲಿಲ್ಲ. ಆಲ್ಬಂ ಕೇಳಿದವರು ಮೆಚ್ಚಿದರು, ಆದರೆ ಮುಗಿಬೀಳಲಿಲ್ಲ. ಪತ್ರಿಕೆಯೊಂದರ ವಿಮರ್ಶಕರು, ಗಾಯಕಿಯ ಶಿಸ್ತು ಮೆಚ್ಚತಕ್ಕದ್ದು, ಆದರೆ ಅವರು ಸಭೆಯಲ್ಲಿ ಹಾಡುವಾಗ ಇದ್ದ ಒಂದು ವಿಶೇಷ ಇಲ್ಲಿ ಕಾಣೆಯಾಗಿದೆ, ಸ್ವಂತ ದನಿ ಇನ್ನೂ ಮೂಡಬೇಕಿದೆ ಅಂತ ಬರೆದರು. ಗುಬ್ಬಿ ಅದನ್ನು ಓದಿ ಒಂದು ದಿನ ಸರಿಯಾಗಿ ಉಣ್ಣಲಿಲ್ಲ. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ ಅಂತ ಅವಳಿಗೂ ಗೊತ್ತಿತ್ತು. ಆ ಪದವನ್ನು ಈಗ ಅವಳು ದೊಡ್ಡಮ್ಮ ಚೆನ್ನಾಗಿದ್ದಾಗಿನ ಹಾಗೆ ಹಾಡುತ್ತಿದ್ದಳು, ಅಷ್ಟೇ. ತನ್ನ ಹಾಗೆ ಹಾಡುವುದು ಹೇಗೆ ಅನ್ನುವುದು ಇನ್ನು ಮೇಲೆ ತಿಳಿಯಬೇಕಿತ್ತು. ಅದಕ್ಕೆ ವರ್ಷಗಳು ಬೇಕಾಗಬಹುದು ಅಂದುಕೊಂಡಾಗ ಅವಳಿಗೆ ಹೆದರಿಕೆಯಾಗಲಿಲ್ಲ, ಒಂದು ಥರದ ನಿರಾಳವಾಯಿತು.

ದೊಡ್ಡಮ್ಮ ಆಲ್ಬಮ್ಮನ್ನು ಬಾಗಿಲು ಹಾಕಿಕೊಂಡು ಒಬ್ಬರೇ ಕೇಳಿದರು ಅಂತ ಅಮ್ಮನಿಂದ ತಿಳಿಯಿತು.

ಕೆಲವು ತಿಂಗಳ ಮೇಲೆ ಒಂದು ಸಂಜೆ ಗುಬ್ಬಿ ಅಂಗಡಿಯಿಂದ ಬೇಗ ಹೊರಟು ದೊಡ್ಡಮ್ಮನ ಮನೆಗೆ ಹೋದಳು. ಹೊಸ್ತಿಲಾಚೆ ದೊಡ್ಡ ಗಾತ್ರದ ಬೂಟು ಬಿಚ್ಚಿಟ್ಟಿತ್ತು. ಒಳಗೆ ಗಂಡುದನಿಯೊಂದು ಸ್ವರ ಹಿಡಿಯಲು ಹೆಣಗುತ್ತಿತ್ತು. ಇಣುಕಿ ನೋಡಿದರೆ ಸಮವಸ್ತ್ರದಲ್ಲೇ ಕೂತ ಬಸ್ ಕಂಡಕ್ಟರ್, ಮೀಸೆಯ ಅಂಚಿನಲ್ಲಿ ಆಗಲೇ ನರೆ. ಆಲ್ಬಮ್ಮಿನಲ್ಲಿ ಗುರುಗಳ ಹೆಸರು ನೋಡಿ, ಎರಡು ಸಲ ಇಲ್ಲ ಅನ್ನಿಸಿಕೊಂಡೂ ಬಿಡದೆ ಹುಡುಕಿಕೊಂಡು ಬಂದವನಂತೆ. ಹಾಡಿ ತೋರಿಸಲಾಗದವಳು ಏನು ಕಲಿಸಲಿ ಅಂತ ಕಾಯಿಲೆ ಬಿದ್ದ ಮೇಲೆ ಕಲಿಯಲು ಬಂದವರಿಗೆಲ್ಲ ದೊಡ್ಡಮ್ಮ ಹೇಳುತ್ತಿದ್ದ ಮಾತನ್ನು ಮೂರನೆಯ ಸಲ ಇವನಿಗೆ ಹೇಳಲಿಲ್ಲ.

"ನಿಲ್ಲಪ್ಪ, ನಿಲ್ಲು" ಅನ್ನುತ್ತಿದ್ದರು ಈಗ. "ಬಸ್ಸಿನ ಹಿಂದಿನ ಸೀಟಿಗೆ ಕೇಳಿಸಬೇಕಾಗಿಲ್ಲ. ನಾನು ಇಲ್ಲೇ ಇದ್ದೀನಿ. ಎಲ್ಲ ಗಾಳಿ ಬಾಗಿಲಲ್ಲೇ ಖಾಲಿ ಮಾಡಿದ್ರೆ ಒಳಗೆ ಹೋಗಿ ಏನು ಮಾಡ್ತೀಯ? ಕೈ ನೋಡು."

ಕೈ ಎದ್ದಿತು. ಕಂಡಕ್ಟರ್ ಕಣ್ಣರಳಿಸಿ ಅದನ್ನೇ ನೋಡುತ್ತ, ಬೆವರೊರೆಸಿಕೊಂಡು, ಮತ್ತೆ ಶುರು ಮಾಡಿದ. ಗುಬ್ಬಿ ಸದ್ದು ಮಾಡದೆ ಚಪ್ಪಲಿ ಬಿಟ್ಟು ಒಳಗೆ ಬಂದು, ತನ್ನ ಪಾಠದ ಸರದಿ ಬರುವವರೆಗೆ ಹಿಂದಿನ ಗೋಡೆಗೆ ಒರಗಿ ಕೂತಳು.